ಒಳಪದರು

ನವೆಂಬರ್ 5, 2012, ಸೋಮವಾರ, ಗಂಗಾವತಿ

‘ಹೊಲಿದವಳ ಬೆರಳು ಹೊದ್ದವರಿಗೆ ಕಾಣುವುದಿಲ್ಲ.’ ಬೆಳಿಗ್ಗೆ ಹಾಲು ಕಾಯಿಸುವಾಗ ಈ ಸಾಲು ನೆನಪಿಗೆ ಬಂತು. ಎಂ.ಎ. ಓದುವ ದಿನಗಳಲ್ಲಿ ಯಾವುದೋ ಹಳೆಯ ಸಂಚಿಕೆಯಲ್ಲಿ ಕಂಡದ್ದೋ, ಅವ್ವ ಸೂಜಿಗೆ ದಾರ ಪೋಣಿಸುತ್ತ ಆಡಿದ ಮಾತನ್ನು ನಾನೇ ಸಾಲಾಗಿ ಮಾಡಿಕೊಂಡದ್ದೋ ತಿಳಿಯಲಿಲ್ಲ. ಅದರ ಮುಂದೆ ಇನ್ನೂ ಒಂದು ತುಂಡು ಇತ್ತು. ಹೊದ್ದವರು ಬೆಚ್ಚಗಿದ್ದರೆ ಸಾಕು ಎಂದಿತ್ತೇ? ಅಥವಾ ಕಾಣದಿದ್ದುದಕ್ಕೆ ಆಕೆ ನೊಂದಳು ಎಂದಿತ್ತೇ? ಎರಡೂ ಬೇರೆಬೇರೆ ಕವಿತೆಗಳು. ಯೋಚಿಸುತ್ತ ನಿಂತೆ, ಹಾಲು ಉಕ್ಕಿಹೋಯಿತು.

ಮಧ್ಯಾಹ್ನ ಪಕ್ಕದ ಮನೆಯ ಹಜರತಬೀ ಬಂದರು. ಎದೆಗೆ ಒಂದು ಬಟ್ಟೆಯ ಗಂಟು ಅವುಚಿಕೊಂಡಿದ್ದರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆಚೆ ಕೂಸು ಅಳುತ್ತಿತ್ತು, ಅವರ ಗಂಡ ಕಾಸೀಮಸಾಬರು ತೊಟ್ಟಿಲು ತೂಗುವ ಸದ್ದು ಕೇಳುತ್ತಿತ್ತು. ಮಗಳು ರಜಿಯಾಬೇಗಂ ಚೊಚ್ಚಲ ಹೆರಿಗೆಗೆಂದು ಕುಷ್ಟಗಿಯಿಂದ ತವರಿಗೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿತು. ವಾರ ತುಂಬುವ ಮೊದಲೇ ಜ್ವರ ಏರಿ ಬಾಣಂತಿ ಹೋಗಿಬಿಟ್ಟಳು. ನಲವತ್ತರ ದಿನವೂ ಮೊನ್ನೆ ಮುಗಿಯಿತು.

“ಸತ್ತೋರ ಅರಿವಿ ಮನ್ಯಾಗ ಇಟ್ಕೋಬಾರ್ದು, ಬಡವರಿಗೆ ಕೊಟ್ಟುಬಿಡು ಅಂತಾರ್ರಿ ಅಕ್ಕೋರ, ಎಲ್ಲಾರೂ,” ಎಂದರು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆನೆಂದು ಓಣಿಯವರೆಲ್ಲ ನನ್ನನ್ನು ಅಕ್ಕೋರ ಎಂದೇ ಕರೆಯುತ್ತಾರೆ. “ಕೊಟ್ಟೆ. ಲಗ್ನದ ಸೀರಿ ಸೈತ ಕೊಟ್ಟೆ. ಇವಿಷ್ಟು ಕೊಡಾಕ ಕೈ ಬರವಲ್ದು. ಬಾಣಂತಿಯಾಗಿ ಮೈಮ್ಯಾಲೆ ಇದ್ದುವು.”

ಗಂಟನ್ನು ನನ್ನ ತೊಡೆಯ ಮೇಲಿಟ್ಟರು. “ಕೂಸು ಬಾಟ್ಲಿ ಮುಟ್ಟಂಗಿಲ್ರಿ. ಅಕೀ ವೇಲ್ ಮಾರಿಗೆ ಹಿಡದ್ರ ಮೂಸಿ ಮೂಸಿ ಕುಡೀತೈತಿ. ಅದೊಂದು ವೇಲ್ ಮನ್ಯಾಗ ಐತಿ. ಎಷ್ಟ್ ದಿನ ಬಂದೀತು? ಉಚ್ಚಿ ಹೊಯ್ಕೊಂತೈತಿ, ಒಗೀಬೇಕಾಕ್ಕೈತಿ. ಒಗದಂಗೆಲ್ಲ ಅಕೀ ಹೊಂಟ ಹೊಕ್ಕಾಳ.”

ಗಂಟಿನ ಮೇಲೆ ಕೈಯಿಟ್ಟೆ.

“ನಿಮ್ಮವ್ವನ ಕೂಡ ಕುಂತು ಕೌದಿ ಹೊಲ್ದೋರು ನೀವು. ಒಂದು ಸಣ್ಣ ಕೌದಿ ಹೊಲ್ದು ಕೊಡ್ರಿ. ಮ್ಯಾಲೆ ಹಾಕಾಕ ನಮ್ಮ ಮನಿಯವರ ಲುಂಗಿ ತಂದೀನಿ, ಗಟ್ಟಿ ಅದಾವು. ಅಕೀವು ಒಳಗ ಇರಲಿ. ಒಳಗಿದ್ರ ವಾಸನಿ ಭಾಳ ದಿನ ನಿಲ್ತೈತಿ. ಒಗೀಬ್ಯಾಡ್ರಿ ಮತ್ತ. ಹಂಗ ಹೊಲೀರಿ.”

“ಯಾವಾಗ ಬೇಕ್ರಿ?”

“ಹೊಸ ವರ್ಷ ಆದಮ್ಯಾಲೆ ಕುಷ್ಟಗಿಯವರು ಬಂದು ಕೂಸಿನ್ನ ಕರಕೊಂಡು ಹೊಕ್ಕಾರಂತ. ಅಪ್ಪನ ಮನಿ, ಬ್ಯಾಡನ್ನಾಕ ಬರೂದಿಲ್ಲ. ಅವ್ವ ಅಂತೂ ಇಲ್ಲ, ಅವ್ವನ ಕೌದಿಯರ ಜೋಡಿ ಹೋಗಲಿ.” ಬಾಗಿಲ ತನಕ ಹೋಗಿ ತಿರುಗಿ ನಿಂತರು. ಕಣ್ಣೊರೆಸಿಕೊಂಡು ನಗಲು ನೋಡಿದರು. “ಆ ಕಂಪ್ಯೂಟರ್ ಮುಂದ ಬರಕೊಂತ ಕುಂತ್ರ ಕೂಸು ಲಗ್ನಕ್ಕ ಬರ್ತೈತಿ ನೋಡ್ರಿ ಅಕ್ಕೋರ.”

ಇಬ್ಬರೂ ನಕ್ಕೆವು. ನಗಬಾರದಿತ್ತೇನೋ.

ನವೆಂಬರ್ 8, ಗುರುವಾರ

ಗಂಟು ಬಿಚ್ಚಿ ಲುಂಗಿಗಳನ್ನು ಬದಿಗಿಟ್ಟೆ. ಒಂದು ನೈಟಿ, ಮೂರು ಚೂಡಿದಾರ, ಇನ್ನೊಂದು ವೇಲು, ಹಸಿರಿನದು, ತಲೆಗೆ ಕಟ್ಟಿಕೊಳ್ಳುವ ಹಳದಿ ಬಟ್ಟೆ. ಮೊದಲು ಎದುರಾದದ್ದು ಬಣ್ಣವಲ್ಲ, ವಾಸನೆ. ಲೋಬಾನದ ಹೊಗೆ, ಬೆಳ್ಳುಳ್ಳಿ, ಒಣಗಿದ ಹಾಲು, ಕೊಬ್ಬರಿ ಎಣ್ಣೆ. ಅವೆಲ್ಲದರ ಕೆಳಗೆ ಹೆಸರಿಡಲಾಗದ ಇನ್ನೊಂದು. ರಜಿಯಾ ಹುಡುಗಿಯಾಗಿದ್ದಾಗ ಸಕ್ಕರೆ ಕೇಳಲು ಬಂದು ಬಾಗಿಲಲ್ಲಿ ನಿಂತು ಹೋದ ಮೇಲೂ ಗಳಿಗೆ ಹೊತ್ತು ಅಲ್ಲೇ ಉಳಿಯುತ್ತಿತ್ತಲ್ಲ, ಅದು. ಮನುಷ್ಯರು ಹೋದ ಮೇಲೆ ಹೋಗಲು ಮರೆತದ್ದು.

ಗಂಟನ್ನು ಬೇಗ ಬೇಗ ಮತ್ತೆ ಕಟ್ಟಿದೆ. ಉಸಿರಾಡಿದಷ್ಟೂ ನಾನೇ ಖರ್ಚು ಮಾಡುತ್ತಿದ್ದೇನೆ ಅನ್ನಿಸಿತು.

ಹೊತ್ತು ಹೊಂದಿಸಿಕೊಳ್ಳುವುದೇ ಕಷ್ಟ. ಪಡಸಾಲೆಯಲ್ಲಿ ಸೂಜಿಗೆ ಸಾಲುವಷ್ಟು ಬೆಳಕು ಬರುವುದು ಬೆಳಿಗ್ಗೆ ಮಾತ್ರ. ಮಧ್ಯಾಹ್ನ ದಾಟಿದರೆ ಎದುರಿನ ಅಕ್ಕಿ ಗಿರಣಿಯ ಗೋದಾಮಿನ ನೆರಳು ಬಂದು ಬೀಳುತ್ತದೆ. ಕರೆಂಟು ಇರುವುದೂ ಬೆಳಿಗ್ಗೆಯೇ. ಆಮೇಲೆ ಹೋದರೆ ಸಂಜೆಯವರೆಗೆ ಇಲ್ಲ. ಹೊಲಿಯಲು ಕೂತರೆ ನಾನು ಬರೆಯುವ ಬ್ಲಾಗು ಉಳಿಯುತ್ತದೆ, ಬ್ಲಾಗಿಗೆ ಕೂತರೆ ಹೊಲಿಗೆ ಉಳಿಯುತ್ತದೆ. ಕಾಲೇಜಿನವರು ಈ ವರ್ಷ ಅತಿಥಿ ಉಪನ್ಯಾಸಕರ ಪಟ್ಟಿಯಲ್ಲಿ ನನ್ನ ಹೆಸರು ಬಿಟ್ಟಾಗ, ಇನ್ನು ಹೊತ್ತೇ ಹೊತ್ತು ಎಂದುಕೊಂಡಿದ್ದೆ.

ತೀರ್ಮಾನ ಮಾಡಿದ್ದೇನೆ. ವಾರದಲ್ಲಿ ನಾಲ್ಕು ಬೆಳಗು ಕೌದಿಗೆ, ಉಳಿದವು ಬ್ಲಾಗಿಗೆ. ಕೂಸಿನ ಕೆಲಸ ಮೊದಲು.

ನವೆಂಬರ್ 11, ಭಾನುವಾರ

ನಿನ್ನೆ ಸಂಜೆ ಯಲಬುರ್ಗಾದಿಂದ ನಮ್ಮ ಮನೆಯವರು ಬಂದರು. ವಾರವಿಡೀ ಅಲ್ಲಿನ ಕಚೇರಿ, ಅಲ್ಲೇ ಬಾಡಿಗೆ ಕೋಣೆ. ಚೀಲ ಇಳಿಸುತ್ತಲೇ ಮಾಮೂಲಿ ಕುಹಕ: “ಏನ್ ಮೇಡಮ್ಮೋರ, ಈ ವಾರ ನಿಮ್ಮ ಬ್ಲಾಗಿಗೆ ಎಷ್ಟ್ ಮಂದಿ ಬಂದಿದ್ರು? ಚಾ ಮಾಡಿ ಕೊಟ್ಟ್ಯೋ ಇಲ್ಲೋ?”

“ನಿಮ್ಮ ಕಚೇರಿಯೊಳಗ ಬಂದವರಿಗೆ ನೀವು ಕೊಟ್ಟಷ್ಟ ಕೊಟ್ಟೆ,” ಎಂದೆ.

“ಅಂದ್ರ ನಾಳಿ ಬರ್ರಿ ಅಂದಿ,” ಎಂದು ನಕ್ಕರು. ವಿರುಪಾಕ್ಷಿಯವರ ನಗೆ ಒಂದೇ ಈ ಮನೆಯಲ್ಲಿ ಹಳೆಯದಾಗದೆ ಉಳಿದಿರುವುದು. ಮಕ್ಕಳಿಲ್ಲದ ಮನೆಯ ಮಾತುಗಳು ಬೇಗ ಸವೆಯುತ್ತವೆ.

ರಾತ್ರಿ ಮಲಗುವಾಗ ಅವ್ವನ ಕೌದಿಯ ತುದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. “ಇದನ್ನೊಮ್ಮಿ ಒಗೀಬಾರ್ದೇನ? ನಿಮ್ಮವ್ವ ಹೋಗಿ ವರ್ಷ ಆತು. ಕಮಟು ಹೊಡೀತೈತಿ.”

“ಮುಟ್ಟಬ್ಯಾಡ್ರಿ ಅದನ್ನ,” ಎಂದೆ. ದನಿ ನನಗೇ ಅಪರಿಚಿತವಾಗಿತ್ತು. ಅವರು ಸುಮ್ಮನೆ ಎದ್ದು ಚಾದರ ತಂದುಕೊಂಡರು.

ತವರು ಇರಕಲ್ಲಗಡದಿಂದ ತಂದಾಗ ಇದ್ದ ಹಾಗೆಯೇ ಇದೆ ಆ ಕೌದಿ. ಮುಖದವರೆಗೆ ಎಳೆದುಕೊಂಡರೆ ತಂಬಾಕು, ಜೋಳದ ಹಿಟ್ಟು, ನನ್ನವ್ವ ಹಂಪವ್ವ. ಅವ್ವ ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ನಾಲ್ಕು ಕಾಳು ಜೋಳ ಹಾಕುತ್ತಿದ್ದಳು. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಬರುವುದಿಲ್ಲವಂತೆ. ಆ ಮೂಲೆಯನ್ನು ಬೆರಳಿನಿಂದ ಹುಡುಕಿ ಕಾಳುಗಳನ್ನು ಒತ್ತಿ ನೋಡಿ ಮಲಗಿದೆ.

ನವೆಂಬರ್ 17, ಶನಿವಾರ

ದೀಪಾವಳಿ ಮುಗಿಯಿತು. ಈ ವಾರ ಕೈ ಚೆನ್ನಾಗಿ ಓಡಿತು. ನನ್ನದೊಂದು ಹಳೆಯ ಮೆತ್ತನೆಯ ಸೀರೆಯನ್ನು ಕೆಳಗೆ ಹಾಸಿ, ಅದರ ಮೇಲೆ ರಜಿಯಾಳ ಬಟ್ಟೆಗಳನ್ನು ಕತ್ತರಿಸದೆ ಇಡಿಯಾಗಿಯೇ ಮಡಿಸಿ ಹರಡಿದೆ. ಮೇಲೆ ಕಾಸೀಮಸಾಬರ ನೀಲಿ ಚೌಕುಳಿ ಲುಂಗಿ. ಸುತ್ತ ಉದ್ದನೆಯ ಟಾಕಿ, ಕಚ್ಚಾ ಹೊಲಿಗೆ, ಹಾಕಿ ಹಿಡಿಸಿದ್ದೇನೆ. ಒಳಗೆ ಅವಳು ಮಲಗಿದ್ದಾಳೆ, ಮೇಲೆ ಅವಳಪ್ಪ ಹೊದಿಸಿದ್ದಾನೆ ಎನ್ನುವ ಹಾಗೆ. ಇದು ನನಗೆ ಮಾತ್ರ ಗೊತ್ತಿರುವ ಕವಿತೆ.

ಬ್ಲಾಗಿಗೆ ಎರಡು ವಾರದಿಂದ ಏನೂ ಹಾಕಿರಲಿಲ್ಲ. ಕೊಪ್ಪಳದಿಂದ ಅನುಷಾ ಫೋನು ಮಾಡಿದಳು. ನನ್ನ ಹಳೆಯ ವಿದ್ಯಾರ್ಥಿನಿ. ಅವ್ವ ಹೋದ ಮೇಲೆ ನಾನು ಗೋಡೆ ನೋಡುತ್ತ ಕೂತಿದ್ದಾಗ ತೇಪೆಗೆ ನಮ್ಮ ಕಡೆ ಅನ್ನುವ ‘ತ್ಯಾಪಿ’ ಎಂಬ ಹೆಸರಿಟ್ಟು ಬ್ಲಾಗು ಮಾಡಿಕೊಟ್ಟವಳು ಅವಳೇ. ಅವ್ವನ ಕೌದಿಯ ಬಗ್ಗೆ ಬರೆದ ಮೊದಲ ಬರಹಕ್ಕೆ ಗುರುತಿಲ್ಲದ ಊರುಗಳಿಂದ ಉತ್ತರಗಳು ಬಂದವು. ಆಗ ಈ ಓಣಿಯಲ್ಲಿ ಅವ್ವನ ಬಗ್ಗೆ ಕೇಳುವವರು ಹಜರತಬೀ ಒಬ್ಬರೇ ಇದ್ದರು.

“ಮೇಡಂ, ವಾರಕ್ಕೊಮ್ಮಿಯರ ಹಾಕ್ರಿ. ಇಲ್ಲಾಂದ್ರ ಮಂದಿ ಮರೀತಾರ,” ಎಂದಳು.

ಲುಂಗಿಯ ಫೋಟೋ ತೆಗೆದು, ಒಳಗೆ ಏನಿದೆ ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು ಹಾಕಿದೆ. ಯಾರ ಹೆಸರನ್ನೂ ಹೇಳಲಿಲ್ಲ.

ನವೆಂಬರ್ 22, ಗುರುವಾರ

ಈ ವಾರ ಹೊಲಿಗೆಗೆ ಸಿಕ್ಕಿದ್ದು ಎರಡು ಬೆಳಗು. ಪ್ರತಿಕ್ರಿಯೆ ಬರೆದವರಿಗೆಲ್ಲ ಉತ್ತರಿಸದಿದ್ದರೆ ಮರ್ಯಾದೆಯಲ್ಲ.

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: ‘ಆ ತಾಯಿಯ ಉಡುಪುಗಳನ್ನು ಲುಂಗಿಯಡಿ ಮುಚ್ಚಿದ್ದೀರಿ. ನಾವು ನೋಡುವುದು ಹೇಗೆ?’ ಇನ್ನೊಬ್ಬರು: ‘ನಿಮ್ಮ ಮಾತಿನಲ್ಲಿರುವುದು ಚಿತ್ರದಲ್ಲಿಲ್ಲ.’ ಕಟುವಾದ ಮಾತೇನಲ್ಲ, ನಿಜ. ಚೌಕುಳಿ ಲುಂಗಿಯನ್ನು ಯಾರು ಎಷ್ಟು ಹೊತ್ತು ನೋಡಿಯಾರು?

ಕಲೆ ಎಂದ ಮೇಲೆ ಕಾಣಬೇಕಲ್ಲವೇ? ಆ ಹಸಿರು ವೇಲು, ಆ ಹಳದಿ ಪಟ್ಟಿ ಮೇಲೆ ಬಂದರೆ ಕೂಸು ದೊಡ್ಡದಾದ ಮೇಲೆ ‘ಇದು ನಮ್ಮಮ್ಮನದು’ ಎಂದು ಬೆರಳಿಟ್ಟು ತೋರಿಸಬಹುದು. ಒಳಗಿದ್ದರೆ ಯಾರಿಗೆ ಗೊತ್ತಾಗುತ್ತದೆ? ಹಜರತಬೀಗೆ ಇದು ಹೊಳೆದಿರಲಿಕ್ಕಿಲ್ಲ.

ಆಚೆ ಕೂಸು ಬಹಳ ಹೊತ್ತು ಅತ್ತು ಸುಮ್ಮನಾಯಿತು. ವೇಲು ಹಿಡಿದಿರಬೇಕು.

ನವೆಂಬರ್ 27, ಮಂಗಳವಾರ

ಟಾಕಿ ಬಿಚ್ಚಿದೆ. ಹೊಲಿದುದನ್ನು ಬಿಚ್ಚುವುದು ಇಷ್ಟು ಸಲೀಸೆಂದು ಗೊತ್ತಿರಲಿಲ್ಲ. ದಾರದ ತುದಿ ಹಿಡಿದೆಳೆದರೆ ಬಂದುಬಿಡುತ್ತದೆ.

ಲುಂಗಿ ಕೆಳಗೆ ಹೋಯಿತು. ರಜಿಯಾಳ ಬಟ್ಟೆಗಳನ್ನು ಚೌಕ, ಮುಕ್ಕೋನ ತುಂಡುಗಳಾಗಿ ಕತ್ತರಿಸಿದೆ. ಪಡಸಾಲೆಯಲ್ಲಿ ನೆಲದ ಮೇಲೆ ಜೋಡಿಸಿದಾಗ ನಡುವೆ ಹಳದಿ ಬಂದು ದೀಪದ ಹಾಗೆ ಕಂಡಿತು. ಕುರ್ಚಿಯ ಮೇಲೆ ಹತ್ತಿ ಫೋಟೋ ತೆಗೆದೆ. ಆದರೆ ಬಣ್ಣ ಮಂಕು. ಎದೆಯ ಭಾಗದ ತುಂಡುಗಳಲ್ಲಿ ಹಾಲಿನ ಕಲೆ, ಅರಿಷಿಣದ ಕಲೆ. ದೊಡ್ಡದು ಮಾಡಿ ನೋಡಿದರೆ ಕಲೆಗಳೇ ಕಾಣುತ್ತವೆ.

ನವೆಂಬರ್ 30, ಶುಕ್ರವಾರ

ತುಂಡುಗಳನ್ನೆಲ್ಲ ಒಗೆದು ಹಾಕಿದೆ. ಕೌದಿಗೆ ಹಾಕುವ ಬಟ್ಟೆ ಒಗೆದೇ ಹಾಕಬೇಕು, ಅವ್ವನ ಮೊದಲ ಪಾಠವೇ ಅದು. ಕೆಲವನ್ನು ಒಗೆದು ಕೆಲವನ್ನು ಬಿಟ್ಟರೆ ಬಣ್ಣ ಹೊಂದುವುದಿಲ್ಲ ಎಂದು ಎಲ್ಲವನ್ನೂ ಒಟ್ಟಿಗೆ ನೆನೆಸಿದೆ. ಎರಡು ಸಲ ಸೋಪು ಹಚ್ಚಬೇಕಾಯಿತು. ಸ್ವಲ್ಪ ಗಂಜಿಯನ್ನೂ ಹಾಕಿದೆ.

ಎಂಥ ಹಸಿರು!

ಡಿಸೆಂಬರ್ 1, ಶನಿವಾರ

ಮಾಳಿಗೆಯ ಹಗ್ಗದ ಮೇಲೆ ತುಂಡುಗಳು ಇನ್ನೂ ಒಣಗುತ್ತಿದ್ದವು. ಬೆಳಿಗ್ಗೆ ಕರೆಂಟು ಬಂದೊಡನೆ ಕೂತು, ಅದು ಹೋಗುವವರೆಗೂ ಬ್ಲಾಗಿಗೆ ಬರೆದೆ. ‘ತಾಯಿಯ ವಾಸನೆ’ ಎಂದು ಶೀರ್ಷಿಕೆ. ಗಂಟು ಬಿಚ್ಚಿದ ದಿನ ಇದೇ ಪುಸ್ತಕದಲ್ಲಿ ಬರೆದದ್ದನ್ನು ತಿರುಗಿಸಿ ಓದಿದೆ. ಲೋಬಾನ, ಬೆಳ್ಳುಳ್ಳಿ, ಒಣಗಿದ ಹಾಲು, ಎಲ್ಲ ಅಲ್ಲಿಂದಲೇ ಎತ್ತಿಕೊಂಡೆ. ‘ಹೋಗಲು ಮರೆತದ್ದು’ ಎಂಬ ಮಾತನ್ನು ಒಂದೇ ಸಾಲಾಗಿ ನಿಲ್ಲಿಸಿದೆ.

ಮುಗಿಸುವುದು ಹೇಗೆಂದು ಬಹಳ ಒದ್ದಾಡಿದೆ. ಕೊನೆಗೆ ಹಜರತಬೀಯ ಮಾತನ್ನೇ ಇಟ್ಟೆ: ‘ಒಗೀಬ್ಯಾಡ್ರಿ ಮತ್ತ. ಹಂಗ ಹೊಲೀರಿ.’ ಅದಕ್ಕಿಂತ ಒಳ್ಳೆಯ ಮುಕ್ತಾಯ ಇರಲು ಸಾಧ್ಯವಿಲ್ಲ.

ಗಾಳಿ ಎದ್ದಿತ್ತು. ಮೇಲೆ ಹೋಗಿ ಬಟ್ಟೆಗಳು ಹಾರದಂತೆ ಚಿಮಟಿಗೆ ಹಾಕಿ ಬಂದೆ.

ಡಿಸೆಂಬರ್ 4, ಮಂಗಳವಾರ

ಈವರೆಗೆ ಯಾವ ಬರಹಕ್ಕೂ ಹೀಗೆ ಪ್ರತಿಕ್ರಿಯೆ ಬಂದಿರಲಿಲ್ಲ. ಯಾರು ಯಾರಿಗೋ ಕಳಿಸಿದ್ದಾರೆ, ಅವರು ಮತ್ತೆ ಯಾರಿಗೋ. ಅನುಷಾ ಫೋನಿನಲ್ಲಿ ಅತ್ತಳು. “ಮೇಡಂ, ನಾ ಓದಿ ನಮ್ಮಮ್ಮಗ ಫೋನ್ ಹಚ್ಚಿದೆ ನೋಡ್ರಿ.” ಒಬ್ಬರು ಬರೆದಿದ್ದಾರೆ: ‘ಓದುತ್ತಿದ್ದ ಹಾಗೆ ನನ್ನ ಕೋಣೆಯಲ್ಲಿ ಆ ವಾಸನೆ ಹರಡಿತು.’ ಆ ಒಂದು ಮಾತನ್ನು ಎಷ್ಟು ಸಲ ಓದಿದೆನೋ.

ಅವ್ವ ಹೋದ ಮೇಲೆ ಎದೆಯೊಳಗೆ ಏನೋ ಕೂತಿತ್ತು. ಇಂದು ಅದು ಹಗುರಾಯಿತು.

ಕೌದಿ ಮುಟ್ಟಲಾಗಲಿಲ್ಲ.

ಡಿಸೆಂಬರ್ 5, ಬುಧವಾರ

ಉತ್ತರಗಳನ್ನು ಬರೆದೆ.

ಡಿಸೆಂಬರ್ 11, ಮಂಗಳವಾರ

ಪಡಸಾಲೆಯಲ್ಲಿ ತುಂಡುಗಳನ್ನು ಹೊಸ ರೀತಿಯಲ್ಲಿ ಜೋಡಿಸಿದ್ದೆ. ‘ಹಂತ ಹಂತವಾಗಿ ತೋರಿಸಿ’ ಎಂದು ಓದುಗರು ಕೇಳಿದ್ದರು. ಬೆಳಕು ಹಿತವಾಗಿ ಬರುತ್ತಿದ್ದಾಗ ಹಜರತಬೀ ಬಾಗಿಲಿಗೆ ಬಂದರು. ಭುಜದ ಮೇಲೆ ಕೂಸು. ಬಡಕಲಾಗಿದೆ. ಕಿವಿಯ ಹಿಂದೆ ಮಾತ್ರ ಕಪ್ಪನೆ ಕೂದಲು.

ಒಳಗೆ ಬನ್ನಿ ಎನ್ನಲು ನೆಲದಲ್ಲಿ ಜಾಗವಿರಲಿಲ್ಲ. ಹೊಸ್ತಿಲಾಚೆಯೇ ನಿಂತರು.

“ವೇಲ್ ಆತ್ರಿ ಅಕ್ಕೋರ. ನಿನ್ನಿ ಎಲ್ಲಾ ಕಕ್ಕಿಬಿಡ್ತು ಅದರ ಮ್ಯಾಲೆ. ಒಗದೆ. ರಾತ್ರಿಯಿಂದ ಬಾಟ್ಲಿ ಹಿಡೀವಲ್ದು, ಚಮಚಾದಾಗ ಹಾಕೀವಿ. ಗಂಟಿನ್ಯಾಗಿಂದ ಒಂದ ಒಂದು ಅರಿವಿ ಕೊಡ್ರಿ. ನೈಟಿ ತೋಳಾದ್ರೂ ನಡೀತೈತಿ.”

ಆಮೇಲೆ ನೆಲದ ಕಡೆ ನೋಡಿದರು. “ಮ್ಯಾಲೆ ಹಾಕಾಕ ಹತ್ತೀರೇನು ಅಕೀವನ್ನ?”

“ಛಂದ ಕಾಣಸ್ತಾವ್ರೀ. ಕೂಸು ದೊಡ್ಡದಾದ ಮ್ಯಾಲೆ ನೋಡ್ತೈತಿ,” ಎಂದೆ.

“ಛಂದ ಅದಾವು.” ಕೂಸನ್ನು ಇನ್ನೊಂದು ಭುಜಕ್ಕೆ ಬದಲಿಸಿದರು. “ನೀವು ಕಲ್ತೋರು, ನಿಮಗ ತಿಳೀತೈತಿ.”

ತುಂಡುಗಳೆಲ್ಲ ಲೆಕ್ಕಕ್ಕೆ ಸರಿಯಾಗಿದ್ದವು, ಒಂದನ್ನು ತೆಗೆದರೆ ಚಿತ್ರ ಕೆಡುತ್ತಿತ್ತು. ಇನ್ನು ಕೆಲವೇ ದಿನ, ಎಲ್ಲ ಒಟ್ಟಿಗೆ ಕೊಡುತ್ತೇನೆ ಎಂದೆ. ಅವರು ತಲೆಯಾಡಿಸಿ ಕೂಸಿನ ಬೆನ್ನು ತಟ್ಟುತ್ತ ಹೋದರು. ಬೆಳಕು ಹೋಗುವುದರೊಳಗೆ ಆರು ಒಳ್ಳೆಯ ಫೋಟೋ ಸಿಕ್ಕವು.

ಡಿಸೆಂಬರ್ 15, ಶನಿವಾರ

ಒಂದು ಪತ್ರಿಕೆಯವರು ‘ತಾಯಿಯ ವಾಸನೆ’ಯನ್ನು ಭಾನುವಾರದ ಪುರವಣಿಗೆ ಕೇಳಿದ್ದಾರೆ. ಸ್ವಲ್ಪ ಉದ್ದ ಮಾಡಬೇಕಂತೆ. ಆ ಬಡ ತಾಯಿಯ ಬಗ್ಗೆ, ಮೊಮ್ಮಗುವಿನ ಬಗ್ಗೆ ಇನ್ನಷ್ಟು ವಿವರ ಬೇಕು. ಹಜರತಬೀಯನ್ನು ಕೇಳಬೇಕು. ಈಗ ಅವರು ಬರುವುದು ಕಡಿಮೆಯಾಗಿದೆ.

ಡಿಸೆಂಬರ್ 16, ಭಾನುವಾರ

ಇವರು ಈ ವಾರ ಯಲಬುರ್ಗಾದಿಂದ ಬರಲಿಲ್ಲ. ಒಳ್ಳೆಯದೇ ಆಯಿತು, ಬರೆದೆ.

ಡಿಸೆಂಬರ್ 20, ಗುರುವಾರ

ಕೂಸು ಅಳುತ್ತಲೇ ಇದೆ. ಒಂದು ವಾಕ್ಯ ಹಿಡಿದರೆ ಇನ್ನೊಂದು ಜಾರುತ್ತದೆ. ಗೋಡೆಯ ಬದಿಯ ಕಿಟಕಿ ಮುಚ್ಚಿದೆ. ಆಮೇಲೆ ಮೇಜನ್ನು ಹಿಂದಿನ ಕೋಣೆಗೆ ಒಯ್ದೆ. ಅಲ್ಲಿ ಅಷ್ಟು ಕೇಳಿಸುವುದಿಲ್ಲ. ಪುರವಣಿಯವರಿಗೆ ಕಳಿಸಿದೆ.

ಡಿಸೆಂಬರ್ 24, ಸೋಮವಾರ

ಕಾಸೀಮಸಾಬರು ಓಣಿಯಲ್ಲಿ ಸಿಕ್ಕರು. ಕೂಸಿಗೆ ಮೂಗಿನಲ್ಲಿ ನಳಿಕೆ ಹಾಕಿ ಹಾಲು ಕೊಟ್ಟರಂತೆ. ಆಸ್ಪತ್ರೆಯಿಂದ ನಿನ್ನೆ ಬಂದರಂತೆ. ನನಗೆ ಗೊತ್ತೇ ಆಗಿರಲಿಲ್ಲ. ಮನೆ ಅಷ್ಟು ನಿಶ್ಶಬ್ದವಾಗಿದ್ದುದು ಅದಕ್ಕೇ.

“ಕುಷ್ಟಗಿಯವರು ನಾಕನೇ ತಾರೀಖಿಗೆ ಬರ್ತಾರ್ರಿ,” ಎಂದರು. “ಕೌದಿ ಆಗೇತೇನ್ರಿ ಅಕ್ಕೋರ? ನಮ್ಮಾಕಿ ದಿನಾ ಕೇಳ್ತಾಳ, ನಾಚಕೊಂಡು ನಿಮ್ಮಕಡಿ ಬರವಲ್ಲಳು.”

“ಆಗೇತ್ರಿ, ಮೂಲಿ ಅಷ್ಟ ಉಳದಾವು,” ಎಂದೆ.

ಒಂದು ಸಾಲೂ ಹೊಲಿದಿರಲಿಲ್ಲ.

ಡಿಸೆಂಬರ್ 30, ಭಾನುವಾರ

ಐದು ದಿನದಿಂದ ಕಂಪ್ಯೂಟರ್ ತೆರೆದಿಲ್ಲ. ಬೆಳಕು ಹೋದ ಮೇಲೂ ಕಂದೀಲು ಇಟ್ಟುಕೊಂಡು ಹೊಲಿದೆ. ಬಲಗೈಯ ತೋರುಬೆರಳು ಊದಿಕೊಂಡಿದೆ. ಅಂಚಿನಿಂದ ಒಳಕ್ಕೆ ಸಾಲು ಸುತ್ತುತ್ತ ಹೋದಂತೆ ತುಂಡುಗಳು ಒಂದನ್ನೊಂದು ಹಿಡಿದುಕೊಂಡವು. ಈ ಕೆಲಸವನ್ನು ಎಷ್ಟು ದಿನದಿಂದ ಮಾಡಿರಲಿಲ್ಲ ಎಂದು ಕೈಗೆ ಗೊತ್ತಾಯಿತು. ಬರೆಯುವಾಗ ಯಾರಾದರೂ ಓದುತ್ತಿರುವ ಹಾಗಿರುತ್ತದೆ. ಇಲ್ಲಿ ಯಾರೂ ಇಲ್ಲ. ಮೊದಲು ಭಯವಾಯಿತು, ಆಮೇಲೆ ಆಗಲಿಲ್ಲ.

ಸಂಜೆ ಇವರು ಪಕ್ಕದಲ್ಲಿ ಕೂತು ಸೂಜಿಗಳಿಗೆ ದಾರ ಪೋಣಿಸಿ ಕೊಟ್ಟರು. ಕೌದಿಯ ಒಂದು ತುದಿ ಎತ್ತಿ ಮುಖಕ್ಕೆ ಹಿಡಿದರು. “ಆಹಾ. ಘಮ್ ಅಂತೈತಲ್ಲ ಸೋಪು. ನಿಮ್ಮವ್ವನ ಕೌದೀನೂ ಹಿಂಗ ಒಗದಿದ್ರ ಏನಾಗ್ತಿತ್ತು?”

ಸೂಜಿ ಬೆರಳಿಗೆ ಚುಚ್ಚಿತು.

“ಯಾಕ, ಏನಾತು?”

“ಏನಿಲ್ಲ. ದಾರ ಕೊಡ್ರಿ,” ಎಂದೆ.

ಜನವರಿ 2, 2013, ಬುಧವಾರ

ಮುಗಿಯಿತು. ಕೊನೆಯ ಮೂಲೆಯಲ್ಲಿ ಜೋಳ ಹಾಕಿ ಮುಚ್ಚಿದೆ. ಫೋಟೋ ತೆಗೆಯಲಿಲ್ಲ. ಯಾಕೋ ಬೇಡವೆನಿಸಿತು.

ಅಂಗಡಿಗೆ ಹೋಗಿ ಲೋಬಾನ ತಂದೆ. ಕೆಂಡದ ಮೇಲೆ ಹಾಕಿ ಕೌದಿಗೆ ಹೊಗೆ ಹಿಡಿದೆ. ಒಂದು ಸಲಕ್ಕೆ ಸಾಲಲಿಲ್ಲ, ಮತ್ತೆ ಹಿಡಿದೆ. ಚಳಿಗಾಲ, ಕೂಸಿಗೆ ಒಳ್ಳೆಯದು. ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಬಟ್ಟೆಯಲ್ಲಿ ಸುತ್ತಿ ಮಡಿಕೆಯೊಳಗೆ ಇಟ್ಟು, ಸ್ವಲ್ಪ ಹೊತ್ತಿನ ಮೇಲೆ ತೆಗೆದೆ. ಕೊಬ್ಬರಿ ಎಣ್ಣೆಯನ್ನು ಅಂಗೈಗೆ ಸವರಿಕೊಂಡು ಮೇಲೆ ಆಡಿಸಿದೆ.

ಹಾಲಿನ ಡಬ್ಬಿ ತೆರೆದು ನಿಂತೆ. ಮುಚ್ಚಿದೆ.

ಜನವರಿ 4, ಶುಕ್ರವಾರ

ಪುರವಣಿಯ ಸಂಪಾದಕರ ಫೋನು ಬಂದಿತ್ತು. ‘ತಾಯಿಯ ವಾಸನೆ’ ಈ ಭಾನುವಾರ ಬರುತ್ತದಂತೆ. ತಡೆಯಿರಿ ಎಂದೆ. ಅಚ್ಚಿಗೆ ಹೋಗಿದೆ ಎಂದರು.

ಮಧ್ಯಾಹ್ನ ಕುಷ್ಟಗಿಯವರ ಜೀಪು ಓಣಿಯಲ್ಲಿ ಬಂದು ನಿಂತಿತು. ನಾನೇ ಕೌದಿಯನ್ನು ಒಯ್ದು ಕೊಡಬೇಕಿತ್ತು. ಮಡಿಸಿದ್ದನ್ನೇ ಮತ್ತೆ ಮಡಿಸುತ್ತ ಕೂತೆ. ಹಜರತಬೀಯೇ ಬಂದರು. ತೋಳಲ್ಲಿ ಕೂಸು, ಅದಕ್ಕೆ ಹೊಸ ಕುಲಾವಿ ಹಾಕಿದ್ದರು. ಮೂಗಿನ ಹತ್ತಿರ ಪಟ್ಟಿ ಅಂಟಿಸಿದ ಗುರುತು ಇನ್ನೂ ಇತ್ತು.

ಕೌದಿಯನ್ನು ಬಿಡಿಸಿ ತೋರಿಸಿದೆ. “ಯಾ ಅಲ್ಲಾ, ಎಷ್ಟ್ ಛಂದ ಆಗೇತ್ರಿ!” ಎಂದರು. ಹಳದಿಯ ಮೇಲೆ ಬೆರಳಾಡಿಸಿದರು. ಆಮೇಲೆ ಅದನ್ನು ಮುಖಕ್ಕೆ ಒತ್ತಿಕೊಂಡರು. ಒತ್ತಿಕೊಂಡ ಮುಖ ಬಹಳ ಹೊತ್ತು ಮೇಲೇಳಲಿಲ್ಲ. ಕೌದಿಯನ್ನು ತಿರುಗಿಸಿ ಇನ್ನೊಂದು ಕಡೆ ಮೂಸಿದರು. ಅಂಚು ಮೂಸಿದರು. ಹೊಲಿಗೆಯ ನಡುವೆ ಉಗುರು ಹಾಕಿ ಸ್ವಲ್ಪ ಅಗಲಿಸಿ ಅಲ್ಲಿಯೂ ಮೂಸಿದರು. ಕೂಸಿನ ಮುಖದ ಬಳಿ ಹಿಡಿದರು. ಕೂಸು ಒಮ್ಮೆ ಆ ಕಡೆ ತಿರುಗಿ, ಮತ್ತೆ ಈ ಕಡೆ ತಿರುಗಿಕೊಂಡಿತು.

ಹೊರಗೆ ಜೀಪಿನವನು ಹಾರನ್ ಬಾರಿಸಿದ.

“ಲೋಬಾನ ಹಿಡದೀರಿ,” ಎಂದರು ಹಜರತಬೀ.

“ಹೌದ್ರಿ.”

“ಅದರ ಬುಡಕ ಸಾಬೂನದ ವಾಸನಿ ಐತಿ.” ಸಿಟ್ಟಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಹುಡುಕುವವರ ಹಾಗೆ ನಿಧಾನವಾಗಿ ಕೇಳಿದರು. “ಯಾವ ಸಾಬೂನ್ರಿ ಅಕ್ಕೋರ?”

ಹೇಳಿದೆ.

ಅವರು ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕೂಸಿನ ಸುತ್ತ ಸುತ್ತಿದರು. ಎರಡು ಹೆಜ್ಜೆ ಹೋಗಿ, ಹೊಸ್ತಿಲಲ್ಲಿ ತಿರುಗಿ ನಿಂತರು.

“ಆ ಸಾಬೂನದ ಹೆಸರು ಒಂದು ಚೀಟ್ಯಾಗ ಬರದು ಕೊಡ್ರಿ. ಕುಷ್ಟಗಿಯವರಿಗೆ ಹೇಳ್ತೀನಿ, ಒಗದಾಗೆಲ್ಲ ಅದನ್ನ ಹಚ್ಚಿ ಒಗೀರಿ ಅಂತ. ಕೂಸಿಗೆ ಇನ್ನ ಅದರ ಅಮ್ಮಿ ವಾಸನಿ ಇದ ಅಂತ ರೂಢಿ ಆಗಲಿ.”